ಐದು ಸ್ವರ ಕೊಟ್ಟುಬಿಟ್ಟರೆ ಸಾಕಾ? ಪ್ರೈಮರಿ ಮಕ್ಕಳಿಂದ ಚೀನೀ ಬಗೆಯ ಸಂಗೀತ ಕಟ್ಟಿಸೋದು

ಹಸಿರುಪಾಟಿ (ಲೀಡ್ಸ್)

ಇಲ್ಲಿ ಇಯರ್ 4ಕ್ಕೆ, ಅಂದ್ರೆ 8-9 ವರ್ಷದ ಮಕ್ಕಳಿಗೆ ಪಾಠ ಮಾಡ್ತೀನಿ. ಗಣಿತ, ಇಂಗ್ಲಿಷ್, ವಿಜ್ಞಾನದ ಜೊತೆ ಸಂಗೀತವೂ ನಮ್ಮ ತಲೆಗೇ. ಇಂಗ್ಲೆಂಡಿನ ಪಠ್ಯಕ್ರಮದ ಪ್ರಕಾರ 7ರಿಂದ 11ರ ಮಕ್ಕಳು ಹಾಡಿ ನುಡಿಸಿದರೆ ಸಾಲದು, ತಾವೇ ಸಂಗೀತ ಕಟ್ಟಬೇಕು. ಈ ಅವಧಿಯ ವಿಷಯ ಚೀನಾ.

ಮೊದಲಿಂದ ನಡ್ಕೊಂಡು ಬಂದಿರೋ ಪಾಠ ಹೀಗಿದೆ: ಗ್ಲಾಕನ್‌ಷ್ಪೀಲ್‌ನಿಂದ (ಲೋಹದ ಪಟ್ಟಿಗಳನ್ನ ಕೋಲಿಂದ ಬಾರಿಸೋ ಪುಟ್ಟ ವಾದ್ಯ) ಎಫ್ ಮತ್ತು ಬಿ ಪಟ್ಟಿ, ಅಂದ್ರೆ ನಮ್ಮ ಮ ಮತ್ತು ನಿ, ಕಿತ್ತಿಡಿ, ಉಳಿದ ಐದರಲ್ಲಿ ಏನು ಬೇಕಾದ್ರೂ ಬಾರಿಸಿ, ನಡುನಡುವೆ ಗಾಂಗ್ (ಜಾಗಟೆ) ಹೊಡೀರಿ. ಚೀನೀ ಸಂಗೀತ ರೆಡಿ! ಅಪಸ್ವರ ಬರೋದೇ ಇಲ್ಲ, ಅದು ನಿಜ. ಆದರೆ ಮಕ್ಕಳು ಯಾವುದನ್ನೂ ತೀರ್ಮಾನ ಮಾಡೋದೂ ಇಲ್ಲ. ಯಾವ ಸ್ವರದ ಮೇಲೆ ನಿಲ್ಲಬೇಕು, ಎಲ್ಲಿ ತಿರುಗಬೇಕು, ಯಾವಾಗ ಮುಗಿಸಬೇಕು ಅಂತ ಯೋಚನೆ ಮಾಡೋ ಪ್ರಸಂಗವೇ ಬರಲ್ಲ. ಎಲ್ಲ ಗುಂಪಿನದ್ದೂ ಒಂದೇ ಥರ ಕಿಣಿಕಿಣಿ.

ನಾನು ಶಿವಮೊಗ್ಗದಲ್ಲಿ ವರ್ಣದವರೆಗೆ ಕಲಿತವಳು, ಅಷ್ಟೇ. ಚೀನೀ ಸಂಗೀತಗಾರರು ನಿಜಕ್ಕೂ ಒಂದು ರಾಗವನ್ನ ಹೇಗೆ ಬೆಳೆಸ್ತಾರೆ? ಮಕ್ಕಳ ಕೈಗೆ ಕೊಡಬಹುದಾದ ಉಪಾಯ ಏನಾದರೂ ಇದೆಯಾ? ತಿಳಿದವರು ಹೇಳಿ.

ಏಕತಾರಿ (ಧಾರವಾಡ)

ಮ ಮತ್ತ ನಿ ತಗದ್ರ ಉಳಿಯೋದು ಭೂಪ ರಾಗ. ನಿಮ್ಮ ಕರ್ನಾಟಕ ಸಂಗೀತದಾಗ ಮೋಹನ. ಅಷ್ಟು ದೂರ ಹೋಗೋದ್ಯಾಕ್ರಿ? ಭೂಪದ ಚಲನ ಹೇಳಿಕೊಡ್ರಿ. ಗಪಧಪಗ, ಗರಿಸ. ಮಕ್ಕಳು ಅದರೊಳಗ ಓಡ್ಯಾಡ್ತಾವ.

ಕುಡ್ಲದಾಯೆ

ಒಂದು ಸಂಶಯ. ಅರ್ಧ ಅವಧಿಯಲ್ಲಿ ನಾಲ್ಕೈದು ಪೀರಿಯಡ್ ಸಿಗುವುದು. ಅದರಲ್ಲಿ ಲೀಡ್ಸ್‌ನ ಮಕ್ಕಳು "ಚೀನೀ ಸಂಗೀತ" ಮಾಡುತ್ತಾರಾ ಮಾರಾಯ್ರೆ? ಯಾರೋ ವಿದೇಶದ ಟೀಚರ್ ಮಕ್ಕಳಿಗೆ ಒಂದು ಕಿರೀಟ ಇಟ್ಟು, ಎರಡು ಸುತ್ತು ಕುಣಿಸಿ ಇದು ಯಕ್ಷಗಾನ ಅಂದರೆ ನಮಗೆ ಹೇಗಾದೀತು? "ಐದು ಸ್ವರದ ಸಂಗೀತ" ಅಂತ ಹೆಸರಿಟ್ಟು ಬಿಡಿ. ಸುಳ್ಳಾದರೂ ತಪ್ಪುತ್ತದೆ.

ಆ "ಟಿಟಿಟಿಟಿ ಟಿನ್ ಟಿನ್ ಟಿನ್ ಟಿನ್ ಟಿನ್" ತುಣುಕು ಉಂಟಲ್ಲ, ಸಿನಿಮಾದಲ್ಲಿ ಚೀನಾ ತೋರಿಸುವಾಗ ಹಾಕುವುದು, ಅದನ್ನು ಮಾತ್ರ ಮಕ್ಕಳಿಂದ ಬಾರಿಸಬೇಡಿ.

ಹಸಿರುಪಾಟಿ

ನಾನು ಬಾರಿಸೋದೇ ಬೇಡ, ಮಕ್ಕಳಿಗೆ ಆಗಲೇ ಬರುತ್ತೆ! ಐದು ಪಟ್ಟಿ ಸಿಕ್ಕ ತಕ್ಷಣ ಯಾರೋ ಒಬ್ಬ ಶುರು ಮಾಡ್ತಾನೆ, ಉಳಿದವರು ನಗ್ತಾರೆ. 2021ರಲ್ಲಿ ಹೊಸ ವೀಸಾ ಬಂದ ಮೇಲೆ ಹಾಂಗ್‌ಕಾಂಗ್‌ನಿಂದ ತುಂಬಾ ಕುಟುಂಬಗಳು ಬಂದಿವೆ, ನಮ್ಮ ತರಗತಿಯಲ್ಲೂ ಅಲ್ಲಿನ ಮಕ್ಕಳಿದ್ದಾರೆ. ಅವರ ಎದುರಿಗೆ ಈ ನಗು ನನಗೆ ಸರಿ ಅನ್ಸಲ್ಲ.

ಶಾಂಘೈಮಲ್ಲಿಗೆ

ಆ ತುಣುಕು ಚೀನಾದ್ದಲ್ಲವೇ ಅಲ್ಲ. ಅಮೆರಿಕದ ನಾಟಕರಂಗದಲ್ಲಿ ಹುಟ್ಟಿ ಕಾರ್ಟೂನು, ಸಿನಿಮಾಗಳಲ್ಲಿ ಬೆಳೆದದ್ದು. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿಬಿಡಿ. 8 ವರ್ಷದವರಿಗೆ ಅರ್ಥವಾಗುತ್ತದೆ.

ನಾನು ಕೆಲಸದ ಮೇಲೆ ಶಾಂಘೈನಲ್ಲಿದ್ದಾಗ ಗುಝೆಂಗ್ ಎಂಬ ಮೀಟುವ ತಂತಿ ವಾದ್ಯ ಸ್ವಲ್ಪ ಕಲಿತೆ. ಪಾಂಡಿತ್ಯ ಏನಿಲ್ಲ. ಆದರೆ ಹಸಿರುಪಾಟಿಯವರ ಪ್ರಶ್ನೆಗೆ ಒಳ್ಳೆಯ ಉತ್ತರ ಅಲ್ಲೇ ಇದೆ. ಅದರ ಹೆಸರು ಜಿಯಾಂಗ್‌ನಾನ್ ಸಿಝು. ಸಿಝು ಅಂದರೆ ರೇಷ್ಮೆ-ಬಿದಿರು: ರೇಷ್ಮೆ ಅಂದರೆ ತಂತಿ ವಾದ್ಯ, ಬಿದಿರು ಅಂದರೆ ಕೊಳಲು. ಶಾಂಘೈ, ಸುಝೌ ಸುತ್ತಮುತ್ತಲಿನ ಚಹಾ ಮನೆಗಳ ಸಂಗೀತ ಇದು. ಮೇಜಿನ ಸುತ್ತ ಅರ್ಹು, ಪಿಪಾ, ಯಾಂಗ್‌ಚಿನ್ ಎಂಬ ತಂತಿ ವಾದ್ಯ, ದಿಝಿ ಎಂಬ ಕೊಳಲು ಹಿಡಿದು ಕೂರುತ್ತಾರೆ, ಚಹಾ ಕುಡಿಯುತ್ತಾರೆ, ನುಡಿಸುತ್ತಾರೆ. ಎಲ್ಲರಿಗೂ ಒಂದೇ ಧಾಟಿ. ಆದರೆ ಯಾರೂ ಒಂದೇ ಥರ ನುಡಿಸುವುದಿಲ್ಲ. ಕೊಳಲಿನವನು ಸ್ವರಗಳನ್ನು ತುಂಬುತ್ತಾ ಹೋದರೆ ಪಕ್ಕದವನು ಬರೀ ಮುಖ್ಯ ಸ್ವರ ಹಿಡಿದಿರುತ್ತಾನೆ. ಸ್ವಲ್ಪ ಹೊತ್ತಿಗೆ ಅದಲುಬದಲು. ನೀನು ತುಂಬಿದರೆ ನಾನು ಸರಳ, ನೀನು ಸರಳವಾದರೆ ನಾನು ತುಂಬುತ್ತೇನೆ. ಅವರ ಒಪ್ಪಂದವೇ ಇದು.

ಇದು ಪ್ರೈಮರಿ ತರಗತಿಗೆ ಹೇಳಿ ಮಾಡಿಸಿದಂತಿದೆ ಅನ್ನೋದು ನನ್ನ ವಾದ. 30 ಮಕ್ಕಳಲ್ಲಿ ನಾಲ್ವರು ಪಿಯಾನೋ ಪಾಠಕ್ಕೆ ಹೋಗುವವರು, ಹತ್ತು ಜನಕ್ಕೆ ಎರಡು ಪಟ್ಟಿ ಸರಿಯಾಗಿ ಹೊಡೆಯುವುದೇ ಕಷ್ಟ. ಪಾಶ್ಚಾತ್ಯ ಮೇಳದಲ್ಲಾದರೆ ಅವರಿಗೆ ಬೇರೆ ಸುಲಭದ ಪಾರ್ಟ್ ಬರೆಯಬೇಕು. ಇಲ್ಲಿ ಎಲ್ಲರದ್ದೂ ಅದೇ ಹಾಡು. ಎರಡು ಸ್ವರ ಹೊಡೆಯುವ ಹುಡುಗಿ ಧಾಟಿಯ ಅಸ್ಥಿಪಂಜರ, ಅಂದರೆ ಮುಖ್ಯ ಸ್ವರ, ಹಿಡಿದಿರುತ್ತಾಳೆ, ಅವಳಿಲ್ಲದಿದ್ದರೆ ಉಳಿದವರ ಹೂವಿಗೆ ದಾರವೇ ಇಲ್ಲ.

ಹೂವು ಅಂದೆ. ಅವರ ಕಟ್ಟುವ ವಿಧಾನವನ್ನೇ ಫಾಂಗ್‌ಮಾನ್ ಜಿಯಾಹುವಾ ಅನ್ನುತ್ತಾರೆ. ಹಳೆಯ ಧಾಟಿಯ ಲಯವನ್ನು ನಿಧಾನ ಮಾಡು, ನಡುವೆ ಆದ ಜಾಗದಲ್ಲಿ ಹೂ ಮುಡಿಸು. ಇನ್ನೂ ನಿಧಾನ ಮಾಡು, ಇನ್ನಷ್ಟು ಹೂ. ಒಂದೇ ಪುಟ್ಟ ಧಾಟಿಯಿಂದ ಹೀಗೆ ಹಲವು ಕೃತಿಗಳು ಬೆಳೆದಿವೆ. ಉದಾಹರಣೆಗೆ ನಾನೇ ಒಂದು ಮಾಡಿ ತೋರಿಸುತ್ತೇನೆ. ಚೀನಾದಲ್ಲಿ ಶಾಲೆ ಮಕ್ಕಳೂ ಬಳಸುವುದು ಜಿಯಾನ್‌ಪು ಎಂಬ ಅಂಕಿ ಲಿಪಿ. 1 ಅಂದರೆ ಸ, 2 ರಿ, 3 ಗ, 5 ಪ, 6 ದ. ತಾರಕ್ಕೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ, ನಮ್ಮ ಹಾಗೇ. ಸ್ವರ ಎಳೆಯಲು ಅಡ್ಡಗೆರೆ.

ಅಸ್ಥಿಪಂಜರ: 5 3 2 1
ನಿಧಾನ ಮಾಡಿ ಹೂ ಇಟ್ಟಾಗ: 5653 3532 2321 1 – – –

ಮೊದಲ ಸಾಲನ್ನು ಎಲ್ಲರೂ ಕಲಿಯಲಿ. ಆಮೇಲೆ ಪ್ರತಿ ಗುಂಪೂ ತನ್ನ ಹೂ ತಾನೇ ಹುಡುಕಲಿ. ನಿಯಮ ಒಂದೇ: ಅಸ್ಥಿಪಂಜರದ ಸ್ವರ ತನ್ನ ಬಡಿತಕ್ಕೆ ಸರಿಯಾಗಿ ಬರಬೇಕು.

ಏಕತಾರಿ (ಧಾರವಾಡ)

ನಿಮ್ಮ ಎರಡನೇ ಸಾಲು ನೋಡ್ರಿ. ಪಧಪಗ ಗಪಗರಿ ರಿಗರಿಸ. ಇದು ಭೂಪದ ಪಲಟಾನೇ (ಸ್ವರಾಭ್ಯಾಸದ ಸಾಲು) ಆತಲ್ಲ!

ಶಾಂಘೈಮಲ್ಲಿಗೆ

ಆಯಿತು, ಆದರೆ ಅದರಲ್ಲೇ ಇನ್ನೊಂದು ಚೀನೀ ಉಪಾಯವೂ ಅಡಗಿದೆ. 5653 ಮುಗಿಯುವುದು 3ರಲ್ಲಿ, ಮುಂದಿನದು ಶುರುವಾಗುವುದೂ 3ರಲ್ಲಿ. ಆಮೇಲೆ 2ರಲ್ಲಿ ಮುಗಿದು 2ರಲ್ಲೇ ಶುರು. ಇದಕ್ಕೆ ಅವರು ಮೀನು ಬಾಲ ಕಚ್ಚುವುದು ಅಂತಾರೆ. ವೂಶಿ ಊರಿನ ಅಂಧ ಕಲಾವಿದ ಆಬಿಂಗ್ ಗೊತ್ತಿರಬಹುದು. 1950ರಲ್ಲಿ ಅವನ ಆರು ಕೃತಿ ಮಾತ್ರ ಧ್ವನಿಮುದ್ರಣ ಆದವು, ಅದೇ ವರ್ಷ ತೀರಿಕೊಂಡ. ಅವನ ಪ್ರಸಿದ್ಧ ಅರ್ಹು ಕೃತಿಯಲ್ಲಿ ಈ ಬಾಲ ಕಚ್ಚುವಿಕೆ ಉದ್ದಕ್ಕೂ ಕೇಳಿಸುತ್ತದೆ. ನಿಮ್ಮ ಪಾಠಕ್ಕೆ ಇದೇ ಮೊದಲ ಆಟ ಆಗಬಹುದು: ಒಬ್ಬ ಮಗು ನಾಲ್ಕು ಸ್ವರ ಹೇಳಿದರೆ ಪಕ್ಕದ ಮಗು ಕೊನೆಯ ಸ್ವರದಿಂದಲೇ ಎತ್ತಿಕೊಳ್ಳಬೇಕು.

ಸುಮ್ನೆಓದುಗ

ಅಂತ್ಯಾಕ್ಷರಿ!

ಕಂಜಿರ (ಮೈಸೂರು)

ಸ್ವರದ ಮಾತು ನಡೀಲಿ. ನಂಗೆ ಅನ್ನಿಸೋದು, ಶುರು ಮಾಡ್ಬೇಕಾದ್ದು ತಾಳದಿಂದ. ಮಕ್ಕಳ ಕೈಗೆ ಗಾಂಗ್ ಕೊಟ್ರೆ ಆ ದಿನದ ಪಾಠ ಅಲ್ಲಿಗೆ ಮುಗೀತು. ಮೊದಲು ಬಾಯಲ್ಲಿ ಹೇಳಿಸಿ. ಬೀಜಿಂಗ್ ಒಪೆರಾದವರೂ ಹಾಗೇ ಕಲಿಯೋದು, ನಮ್ಮ ಕೊನ್ನಕೋಲಿನ ಥರ. ದೊಡ್ಡ ಗಾಂಗ್‌ಗೆ "ತ್ಸಾಂಗ್", ಕೈತಾಳಕ್ಕೆ "ತ್ಸೈ", ಚಿಕ್ಕ ಗಾಂಗ್‌ಗೆ "ತೈ", ಡೋಲಿನ ಕಡ್ಡಿಗೆ "ದಾ". ಆ ಎರಡು ಗಾಂಗ್‌ನಲ್ಲಿ ಒಂದು ಮಜಾ ಇದೆ. ಹೊಡೆದ ಮೇಲೆ ದೊಡ್ಡದರ ಶ್ರುತಿ ಕೆಳಗೆ ಜಾರುತ್ತೆ, ಚಿಕ್ಕದರದ್ದು ಮೇಲಕ್ಕೆ ಏರುತ್ತೆ. ಕಣ್ಣು ಮುಚ್ಚಿ ಕೇಳಿ ಕೈಯಲ್ಲಿ ತೋರಿಸಿ ಅಂದ್ರೆ ಮಕ್ಕಳಿಗೆ ಖುಷಿಯಾಗುತ್ತೆ.

ನಾನು ಹೇಳ್ಬೇಕಂತಿದ್ದಿದ್ದು ಇದಲ್ಲ. ಜಿಯಾಂಗ್ಸು ಪ್ರಾಂತ್ಯದ ದಕ್ಷಿಣದಲ್ಲಿ ಷಿಫಾನ್ ಲುವೋಗು ಅಂತ ಒಂದು ಮೇಳ ಇದೆ, ಡೋಲು-ಗಾಂಗ್‌ಗಳದ್ದು. ಅವರ ರಚನೆ ಪೂರ್ತಿ 1, 3, 5, 7 ಬಡಿತದ ತುಂಡುಗಳಲ್ಲಿ. ಒಂದು ಮಾದರಿ ಹೆಸರು ಚಿನ್ನದ ಆಲಿವ್: 1 3 5 7 5 3 1. ತುದಿ ಸಣ್ಣ, ನಡು ದಪ್ಪ. ನಮ್ಮಲ್ಲಿ ಇದಕ್ಕೆ ಮೃದಂಗ ಯತಿ ಅಂತೀವಿ! ಎಲ್ಲಿಯ ಜಿಯಾಂಗ್ಸು, ಎಲ್ಲಿಯ ಮೈಸೂರು. ಮೊದಲ ಸಲ ಇದನ್ನ ಓದಿದಾಗ ಕೂತಲ್ಲೇ ತೊಡೆ ತಟ್ಟಿ ನೋಡಿದ್ದೆ. ಇನ್ನೊಂದು ಮಾದರಿಯಲ್ಲಿ ಎರಡೆರಡು ತುಂಡು ಕೂಡಿ ಯಾವಾಗಲೂ 8 ಆಗ್ಬೇಕು: 3ಕ್ಕೆ 5, 5ಕ್ಕೆ 3, 7ಕ್ಕೆ 1, 1ಕ್ಕೆ 7. ಮೊದಲ ತುಂಡು ಒಂದು ವಾದ್ಯಕ್ಕೆ, ಎರಡನೇದು ಇನ್ನೊಂದಕ್ಕೆ.

8 ವರ್ಷದ ಮಗುಗೆ ಎರಡು ಡಬ್ಬ ಕೊಟ್ಟು "8 ಆಗೋ ಹಾಗೆ ನೀನೇ ನಾಲ್ಕು ಸಾಲು ಮಾಡು, ಯಾವುದು ಮೊದಲು ಬರಬೇಕು, ಯಾವುದು ಕೊನೆಗೆ, ನೀನೇ ಹೇಳು" ಅಂದ್ರೆ ಅದು ರಚನೆ ಅಲ್ವಾ? ಸ್ವರವೇ ಬೇಡ. 7ಕ್ಕೆ 1 ಬಂದಾಗ ಆ ಒಂಟಿ ಬಡಿತ ಹೇಗೆ ಹೊಡೆತ ಕೊಡುತ್ತೆ ಅಂತ ಅವಕ್ಕೇ ಗೊತ್ತಾಗುತ್ತೆ.

ಗಣಿತಮೇಷ್ಟ್ರು (ಹಾಸನ)

ಲೆಕ್ಕದ ಮಾತು ಬಂದದ್ದರಿಂದ ನಾನೂ ಒಂದು ಹೇಳಬಹುದು. ಗುವಾನ್‌ಝಿ ಎಂಬ ಪ್ರಾಚೀನ ಚೀನೀ ಗ್ರಂಥದಲ್ಲಿ ಐದು ಸ್ವರಗಳನ್ನು ಪಡೆಯುವ ಕ್ರಮ ಇದೆ. 81ರಿಂದ ಆರಂಭ. ಅದಕ್ಕೆ ಅದರದೇ ಮೂರನೆಯ ಒಂದು ಪಾಲು ಸೇರಿಸಿದರೆ 108. ಅದರಲ್ಲಿ ಮೂರನೆಯ ಒಂದು ಪಾಲು ಕಳೆದರೆ 72. ಮತ್ತೆ ಸೇರಿಸಿದರೆ 96, ಮತ್ತೆ ಕಳೆದರೆ 64. 64ನ್ನು ಮೂರರಿಂದ ಭಾಗಿಸಿದರೆ ಪೂರ್ಣಾಂಕ ಸಿಗದು, ಅಷ್ಟರಲ್ಲಿ ಐದು ಸ್ವರ ಸಿದ್ಧ. ಇವು ತಂತಿಯ ಉದ್ದಗಳು.

ಮಕ್ಕಳಿಗೆ ಅಗಲವಾದ ಸ್ಟ್ರಾ ಕೊಡಿ. ಎರಡರಷ್ಟು ಮಾಡಿ ಮಿಲಿಮೀಟರಿನಲ್ಲಿ ಕತ್ತರಿಸಲಿ: 216, 192, 162, 144, 128. ಕೆಳತುದಿಗೆ ಜೇಡಿಮಣ್ಣು ಮೆತ್ತಿ ಮೇಲೆ ಅಡ್ಡಲಾಗಿ ಊದಿದರೆ ಐದು ಸ್ವರ ಬರುತ್ತವೆ. ಬಾಯ್ತುದಿಯ ಗಾಳಿಯ ಕಾರಣ ತಂತಿಯಷ್ಟು ನಿಖರ ಬಾರದು, ಮಣ್ಣನ್ನು ತುಸು ಒಳಗೆ ಒತ್ತಿಯೋ ಹೊರಗೆ ಎಳೆದೋ ಸರಿ ಮಾಡಿಕೊಳ್ಳಬೇಕು. ಭಿನ್ನರಾಶಿ ಪಾಠವೂ ಮುಗಿಯುತ್ತದೆ. ಇಯರ್ 4ರಲ್ಲಿ ಭಿನ್ನರಾಶಿ ಇದೆಯಲ್ಲವೇ?

ಹಸಿರುಪಾಟಿ

ಇದೆ ಸರ್! ಹೆಡ್ ಟೀಚರ್ ಮುಂದೆ ಇದನ್ನೇ ಇಡ್ತೀನಿ, ಸಂಗೀತಕ್ಕೆ ಇನ್ನೊಂದು ಪೀರಿಯಡ್ ಸಿಕ್ಕರೂ ಸಿಗಬಹುದು.

ಏಕತಾರಿ (ಧಾರವಾಡ)

ನನ್ನ ಮೊದಲನೇ ಮಾತಿಗೇ ತಿರುಗಿ ಬರ್ತೀನಿ. ಅದು ಭೂಪ ಅಂದೆ. ಅಂದ ಮ್ಯಾಲ ಕೂತು ವಿಚಾರ ಮಾಡಿದೆ, ಭೂಪ ಅನಿಸೋದು ನಮ್ಮ ಕಿವ್ಯಾಗ ತಂಬೂರಿ ಇರೋದಕ್ಕ. ಷಡ್ಜ ಒಂದ ಕಡೆ ಗೂಟ ಹೊಡದಂಗ ನಿಂತಿರ್ತದ. ಚೀನಾದವರಿಗೆ ಆ ಗೂಟ ಇಲ್ಲ. ಅವರ ಐದು ಸ್ವರ ಗೋಂಗ್, ಷಾಂಗ್, ಜ್ಯುಎ, ಝಿ, ಯೂ. ಐದರಾಗ ಯಾವುದು ಬೇಕಾದ್ರೂ ಮನಿ ಆಗಬಹುದು. ನಮ್ಮ ಲೆಕ್ಕದಾಗ ಮೂರ್ಛನಾ ಭೇದ, ನಿಮ್ಮ ಕಡೆ ಗ್ರಹಭೇದ.

1ನ್ನ ಮನಿ ಮಾಡಿದ್ರ ಭೂಪ. 2ನ್ನ ಮಾಡಿದ್ರ ಮಧಮಾದ ಸಾರಂಗ, ನಿಮಗ ಮಧ್ಯಮಾವತಿ. 3 ಆದ್ರ ಮಾಲಕಂಸ, ಅಂದ್ರ ಹಿಂದೋಳ. 5 ಆದ್ರ ದುರ್ಗಾ, ನಿಮ್ಮ ಶುದ್ಧ ಸಾವೇರಿ. 6 ಆದ್ರ ಧಾನಿ, ನಿಮ್ಮ ಶುದ್ಧ ಧನ್ಯಾಸಿ. ಅವೇ ಐದು ಪಟ್ಟಿ, ಒಂದನ್ನೂ ಬದಲು ಮಾಡೂದಿಲ್ಲ, ಐದು ಬಣ್ಣ. ಹಂಗಾಗಿ "ಏನು ಬೇಕಾದ್ರೂ ಬಾರಿಸ್ರಿ" ಅನ್ನೋದ ನಿಮ್ಮ ಪಾಠದ ರೋಗ. ಪ್ರತಿ ಗುಂಪಿಗೂ ಒಂದೊಂದು ಮನಿ ಕೊಡ್ರಿ. ಸಾಲಿನ ಕೊನೀಗೆ ಅಲ್ಲೇ ಬಂದು ಕೂಡಬೇಕು, ಉದ್ದ ಹಿಡೀಬೇಕು. ಆಗ ಎಲ್ಲಾ ಗುಂಪಿನ ಕಿಣಿಕಿಣಿ ಒಂದ ಥರ ಹೆಂಗಾಗ್ತದ ನೋಡೋಣ. ತಂಬೂರಿ ಆ್ಯಪ್ ಮಾತ್ರ ಹಚ್ಚಬ್ಯಾಡ್ರಿ.

ಕಂಜಿರ (ಮೈಸೂರು)

ಆಹಾ. ಈ ಮಾತಿಗೆ ಒಂದು ನಮಸ್ಕಾರ.

ಶಾಂಘೈಮಲ್ಲಿಗೆ

ಏಕತಾರಿಯವರು ಹೇಳಿದ್ದು ಪೂರ್ತಿ ಸರಿ. ಮಲ್ಲಿಗೆ ಹೂವಿನ ಆ ಜನಪದ ಹಾಡು, ಪುಚ್ಚೀನಿ ತನ್ನ ತುರಾಂದೋತ್ ಒಪೆರಾಗೆ ಎತ್ತಿಕೊಂಡದ್ದು, ಅದು ನಿಲ್ಲುವುದು 5ರ ಮೇಲೆ. ಮೋಹನ ಅಂದುಕೊಂಡು ಕೇಳಿದರೆ ಹಾಡು ಮುಗಿಯಲೇ ಇಲ್ಲವಲ್ಲ ಅನ್ನಿಸುತ್ತದೆ.

ಒಂದು ತಿದ್ದುಪಡಿ ಮಾತ್ರ. ಚೀನೀ ಸಂಗೀತ ಅಂದರೆ ಐದೇ ಸ್ವರ ಅಂತ ಮಕ್ಕಳ ತಲೆಯಲ್ಲಿ ಕೂರಿಸಬೇಡಿ. 4 ಮತ್ತು 7, ಅಂದರೆ ಮ ಮತ್ತು ನಿ, ಅಲ್ಲೂ ಇವೆ, ಅತಿಥಿಗಳ ಹಾಗೆ ಬಂದು ಹೋಗುತ್ತವೆ. ಶಾನ್‌ಕ್ಸಿ (Shaanxi) ಪ್ರಾಂತ್ಯದ ಒಪೆರಾದಲ್ಲಿ ದುಃಖದ ಹಾಡಿಗೆ ಇವೇ ಮುಖ್ಯ. ಗುಝೆಂಗ್‌ಗೆ ಈಗ ಸಾಮಾನ್ಯವಾಗಿ 21 ತಂತಿ, 4ಕ್ಕೂ 7ಕ್ಕೂ ತಂತಿಯೇ ಇಲ್ಲ. ಎಡಗೈಯಿಂದ 3ರ ತಂತಿಯನ್ನು ಒತ್ತಿ ಬಿಗಿ ಮಾಡಿದರೆ 4, 6ನ್ನು ಒತ್ತಿದರೆ 7. ಎಷ್ಟು ಒತ್ತಬೇಕು ಅನ್ನುವುದರಲ್ಲೇ ವಿದ್ಯೆ ಇರುವುದು. ನನ್ನ ಬೆರಳು ಅಲ್ಲಿವರೆಗೆ ಬರಲಿಲ್ಲ ಬಿಡಿ.

ಕುಡ್ಲದಾಯೆ

ಒಪ್ಪಿದೆ, ಇದು ನಾನು ಹೆದರಿದ ಹಾಗೆ ಕಿರೀಟ ಇಟ್ಟು ಕುಣಿಸುವುದಲ್ಲ. ಆದರೂ ಒಂದು ಕೇಳ್ತೇನೆ. ಇಷ್ಟೆಲ್ಲ ನಮಗೆ ಗೊತ್ತುಂಟು, ಯತಿ ಗೊತ್ತುಂಟು, ಗ್ರಹಭೇದ ಗೊತ್ತುಂಟು. ನಮ್ಮ ಮಕ್ಕಳಿಂದ ಇಲ್ಲಿ ಯಾರಾದರೂ ಒಂದು ಸಾಲು ಕಟ್ಟಿಸಿದ್ದುಂಟಾ? ನನ್ನ ಮಗಳು ಸರಳೆ, ಜಂಟಿ, ಅಲಂಕಾರ ಮುಗಿಸಿ ಗೀತೆಗೆ ಬಂದಿದ್ದಾಳೆ. ನಿನ್ನದೇ ಒಂದು ಸಾಲು ಹಾಡು ಅಂದರೆ "ಟೀಚರ್ ಹೇಳಿಕೊಟ್ಟಿಲ್ಲ" ಅಂತಾಳೆ.

ಕಂಜಿರ (ಮೈಸೂರು)

ಸರಳೆ ಇರೋದೇ ಕೈ ಕೂರ್ಲಿ ಅಂತ. ತಾವೇ ಸ್ವರ ಕಟ್ಟಿ ಹಾಡೋ ಕಲ್ಪನಾಸ್ವರ ಆಮೇಲೆ ಬರುತ್ತೆ.

ಕುಡ್ಲದಾಯೆ

ಆಮೇಲೆ ಅಂದರೆ ಯಾವಾಗ? ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮುಕ್ಕಾಲು ಪಾಲು ಮಕ್ಕಳು ಸಂಗೀತ ಬಿಟ್ಟಿರುತ್ತಾರೆ. ಅವರ ಪಾಲಿಗೆ ಸಂಗೀತ ಅಂದರೆ ಬೇರೆಯವರು ಮಾಡಿಟ್ಟದ್ದನ್ನು ಒಪ್ಪಿಸುವುದು ಅಂತಲೇ ಉಳಿಯಿತಲ್ಲ.

ಗಣಿತಮೇಷ್ಟ್ರು (ಹಾಸನ)

ಇದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲದಿದ್ದರೆ ಹಸಿರುಪಾಟಿಯವರ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ಹಸಿರುಪಾಟಿ

ಶುರು ಮಾಡಿ ಆಯ್ತು. ಮೊದಲು ಬಾಯಿ ತಾಳ, 8 ಕೂಡಿಸೋ ಆಟ. ಇಡೀ ತರಗತಿ "ತ್ಸಾಂಗ್ ತ್ಸೈ" ಅಂತ ಊಟದ ಸಾಲಲ್ಲೂ ಹೇಳ್ತಾ ನಿಂತಿತ್ತು. ಆಮೇಲೆ ಮೀನು-ಬಾಲ ಆಟ. ಸ್ಟ್ರಾ ಕೊಳಲು ಮಾಡಿದ್ವಿ, ತಲೆ ಸುತ್ತೋವರೆಗೆ ಊದಿದವರೂ ಇದ್ದಾರೆ, ಒಂದು ಸಲಕ್ಕೆ ಐದೇ ಊದು ಅಂತ ನಿಯಮ ಮಾಡಬೇಕಾಯ್ತು.

ಆಮೇಲೆ ಏಕತಾರಿಯವರ ಹಾಗೆ ಗುಂಪಿಗೊಂದು ಮನೆ ಕೊಟ್ಟೆ. 3 ಮನೆಯಾದ ಗುಂಪು ಒದ್ದಾಡಿತು. ಅವರಿಗೆ ಎಷ್ಟು ಮಾಡಿದ್ರೂ 1ಕ್ಕೆ ಹೋಗಿ ಕೂರಬೇಕು ಅನ್ನಿಸ್ತಿತ್ತಂತೆ. 6ರ ಗುಂಪಿಗೆ ಸಲೀಸಾಗಿ ಬಂತು. ಸಾಲು ನಾಲ್ಕು, ಶಾಂಘೈಮಲ್ಲಿಗೆಯವರು ಮೆಸೇಜಲ್ಲಿ ಹೇಳಿದ ಕ್ರಮ: ಎತ್ತು, ಮುಂದುವರಿಸು, ತಿರುಗು, ಮುಗಿಸು. ಚೀನೀ ಪದ್ಯಕ್ಕೂ ಇದೇ ನಾಲ್ಕು ಹೆಜ್ಜೆಯಂತೆ. ಮೂರನೇ ಸಾಲು "ಬೇರೆ ಎಲ್ಲೋ ಹೋಗಬೇಕು" ಅಂದೆ, ಎಲ್ಲಿ ಅಂತ ಹೇಳಲಿಲ್ಲ.

2 ಮನೆಯಾದ ಗುಂಪಿನದ್ದು ಇಲ್ಲಿ ಹಾಕ್ತೀನಿ. ಧ್ವನಿಮುದ್ರಣ ಹಂಚಿಕೊಳ್ಳೋಕೆ ಶಾಲೆ ಬಿಡಲ್ಲ.

3 5 6 5 | 3 – 2 –
2 3 5 3 | 2 – 1 –
1 2 4 2 | 5 – 6 –
6 5 3 5 | 3 – 2 –

ಮೂರನೇ ಸಾಲಲ್ಲಿ 4 ಇದೆ ನೋಡಿ. ಡಬ್ಬದಿಂದ ಎಫ್ ಪಟ್ಟಿ ತಾವೇ ತಗೊಂಡು ಬಂದು 3ರ ಜಾಗದಲ್ಲಿ ಹಾಕಿದ್ರು. ಯಾಕೆ ಅಂದ್ರೆ, "ಬೇರೆ ಎಲ್ಲೋ ಹೋಗಿ ಅಂದ್ರಲ್ಲ ಮಿಸ್" ಅಂದರು. ಇರಲಿ ಬಿಡಲಾ, ತೆಗೆಸಲಾ?

ಕಂಜಿರ (ಮೈಸೂರು)

ಮೀನು ಎಲ್ಲ ಸಾಲಲ್ಲೂ ಬಾಲ ಕಚ್ಚಿದೆ! 2ಕ್ಕೆ 2, 1ಕ್ಕೆ 1, 6ಕ್ಕೆ 6.

ಏಕತಾರಿ (ಧಾರವಾಡ)

ತಗಿಸಬ್ಯಾಡ್ರಿ. ಆ ಸಾಲಿನಾಗ 3 ಎಲ್ಲೂ ಇಲ್ಲ, ಗಮನಿಸ್ರಿ. ಸ ರಿ ಮ ರಿ ಪ ಧ. ಇದ್ದಕ್ಕಿದ್ದಂಗ ದುರ್ಗಾ ಬಂದಂಗಾತು. ನಾಲ್ಕನೇ ಸಾಲಿಗೆ ಗಂಧಾರ ವಾಪಸ್ ಬಂದಾಗ ಕಿವಿ ತಂಪಾಗ್ತದ.

ಶಾಂಘೈಮಲ್ಲಿಗೆ

ಇದನ್ನು ನೋಡಿ ನನಗೆ ನಗು ಬಂತು, ಯಾಕೆಂದರೆ ಇದಕ್ಕೆ ಚೀನಾದಲ್ಲಿ ಹೆಸರೇ ಇದೆ: ಜಿಯೆಝಿ, ಸ್ವರ ಸಾಲ ತರುವುದು. 3ನ್ನು ಬಿಟ್ಟು ಅದರ ಬದಲು 4 ತಂದರೆ ಐದು ಸ್ವರ ಐದೇ ಆಗಿ ಉಳಿಯುತ್ತದೆ, ಆದರೆ ಗೋಂಗ್, ಅಂದರೆ ಐದರಲ್ಲಿ ಮೊದಲ ಸ್ವರ, 1ರಿಂದ 4ಕ್ಕೆ ಸರಿಯುತ್ತದೆ. ಹಳೆಯ ಧಾಟಿಯನ್ನೇ ಹೀಗೆ ಒಂದು ಸ್ವರ ಬದಲಿಸಿ ಹೊಸ ಶ್ರುತಿಗೆ ದಾಟಿಸುತ್ತಾರೆ. ಗುಝೆಂಗ್‌ನಲ್ಲಾದರೆ ಇದೇ ಜಾಗದಲ್ಲಿ 3ರ ತಂತಿ ಒತ್ತುತ್ತಿದ್ದರು. ನಿಮ್ಮ ಮಕ್ಕಳು ಒತ್ತಲು ತಂತಿ ಇಲ್ಲದೆ ಪಟ್ಟಿ ಬದಲಿಸಿದ್ದಾರೆ.

ಕುಡ್ಲದಾಯೆ

ಹಾಗಾದರೆ ಎರಡನೇ ಸಾಲಿನ ಬಗ್ಗೆ ನನ್ನದೊಂದು ತಕರಾರು. ಅದು ಮೊದಲನೇ ಸಾಲಿನ ಹಾಗೇ ಉಂಟು, ಹೆಜ್ಜೆ ಅದೇ, ಉಸಿರು ಅದೇ. ಅಲ್ಲಿ ಉದ್ದ ಸ್ವರದ ಜಾಗ ಬದಲಿಸಿ ನೋಡಲಿ.

ಹಸಿರುಪಾಟಿ

2 – 3 5 | 3 2 1 – ಅಂತ ಮಾಡಿದ್ರೆ? ಬೇಡ, ನಾನು ಹೇಳಲ್ಲ, ತಕರಾರು ಮಾತ್ರ ತಲುಪಿಸ್ತೀನಿ. ಮಂಗಳೂರಿನಿಂದ ಒಬ್ಬರು ಹೀಗಂದ್ರು ಅಂತ. ಉಳಿದ ಗುಂಪುಗಳಿಗೂ ಮೂರನೇ ಸಾಲಿಗೆ 4 ಸಾಲ ತಂದು ನೋಡೋಕೆ ಬಿಡ್ತೀನಿ. ಎಫ್ ಪಟ್ಟಿ ಅರ್ಧದಷ್ಟು ಎಲ್ಲಿ ಹೋಗಿವೆಯೋ, ಸ್ಟೋರ್ ರೂಮ್ ಜಾಲಾಡಬೇಕು.